ಹದಿಮೂರು ರೇಸ್ ಗೆದ್ದವರು ಐದನೆಯವರಾದದ್ದು ಹೇಗೆ?

ಪ್ರಶ್ನೆ: ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್ ಸ್ಕೀಯಿಂಗ್ ವಿಶ್ವಕಪ್‌ನಲ್ಲಿ 86 ರೇಸ್ ಗೆದ್ದಿದ್ದಾರೆ. ಆದರೂ ಒಟ್ಟಾರೆ ಕಪ್ ಸಿಕ್ಕಿದ್ದು ಮೂರೇ ಸಲ. 1979ರಲ್ಲಂತೂ 13 ರೇಸ್ ಗೆದ್ದೂ ಐದನೇ ಸ್ಥಾನ! ಇದು ಹೇಗೆ ಸಾಧ್ಯ? ಡೌನ್‌ಹಿಲ್ ಇಳಿಯದೆ ಬರೀ ಸ್ಲಾಲಮ್ ಆಡಿದವರನ್ನು ಶ್ರೇಷ್ಠ ಸ್ಕೀಯರ್ ಅನ್ನಬಹುದಾ? ಈಗ ಅಮೆರಿಕದ ಮಿಕೇಲಾ ಶಿಫ್ರಿನ್ ಅವರ ದಾಖಲೆಯನ್ನೂ ದಾಟಿದ್ದಾರಲ್ಲ?

ಉತ್ತರ:

ಲೆಕ್ಕದಿಂದಲೇ ಶುರು ಮಾಡೋಣ. ನಿಮ್ಮ ತಲೆ ಕೆಡಿಸಿದ್ದು ಅದೇ ಅಲ್ವಾ. ಹೊಸಬರಿಗೆ ಒಂದು ಮಾತು: ಡೌನ್‌ಹಿಲ್ ಅಂದರೆ ಉದ್ದ ಇಳಿಜಾರಿನಲ್ಲಿ ಭಾರಿ ವೇಗದಲ್ಲಿ ಇಳಿಯುವುದು, ಸ್ಲಾಲಮ್ ಅಂದರೆ ಹತ್ತಿರ ಹತ್ತಿರ ನೆಟ್ಟ ಕಂಬಗಳ ನಡುವೆ ಅಂಕುಡೊಂಕಾಗಿ ಇಳಿಯುವುದು, ಜೈಂಟ್ ಸ್ಲಾಲಮ್‌ನಲ್ಲಿ ಕಂಬಗಳು ಇನ್ನಷ್ಟು ದೂರ ದೂರ. ಋತುವಿಡೀ ನಡೆಯುವ ಈ ರೇಸುಗಳ ಅಂಕಗಳಿಂದ ಪ್ರತಿ ವಿಭಾಗಕ್ಕೂ ಒಂದು ಕಪ್, ಎಲ್ಲ ಸೇರಿಸಿ ಒಂದು ಒಟ್ಟಾರೆ ಕಪ್.

1978-79ರ ಋತುವಿನಲ್ಲಿ ವಿಶ್ವಕಪ್‌ನ ಜೈಂಟ್ ಸ್ಲಾಲಮ್ ರೇಸುಗಳು 10 ಇದ್ದವು. ಹತ್ತನ್ನೂ ಸ್ಟೆನ್‌ಮಾರ್ಕ್ ಗೆದ್ದರು. ಜೊತೆಗೆ 3 ಸ್ಲಾಲಮ್. ಆಗ ಒಂದು ಗೆಲುವಿಗೆ 25 ಅಂಕ. ಗೆಲುವುಗಳನ್ನಷ್ಟೇ ಕೂಡಿದರೂ 325 ಆಗುತ್ತದೆ. ಆದರೆ ಒಟ್ಟಾರೆ ಕಪ್‌ಗೆ ಹಾಗೆ ಕೂಡುತ್ತಿರಲಿಲ್ಲ. ಒಂದೊಂದು ವಿಭಾಗದಿಂದ ತೀರಾ ಒಳ್ಳೆಯ ಕೆಲವೇ ಫಲಿತಾಂಶಗಳನ್ನು ಹಿಡಿಯುತ್ತಿದ್ದರು, ಉಳಿದದ್ದು ಲೆಕ್ಕಕ್ಕಿಲ್ಲ. ಅಂದರೆ ಜೈಂಟ್ ಸ್ಲಾಲಮ್‌ನ ಮೊದಲ ಕೆಲವು ಗೆಲುವುಗಳಿಗೇ ಅವರ ಪಾಲು ತುಂಬಿಹೋಯಿತು. ಆಮೇಲಿನ ಗೆಲುವುಗಳು ಜೈಂಟ್ ಸ್ಲಾಲಮ್‌ನ ಪ್ರತ್ಯೇಕ ಕಪ್‌ಗೆ ಮಾತ್ರ ಉಪಯೋಗಕ್ಕೆ ಬಂದವು. ಒಟ್ಟಾರೆ ಪಟ್ಟಿಯಲ್ಲಿ ಅವುಗಳ ಬೆಲೆ ಸೊನ್ನೆ.

ಇನ್ನೊಂದು ಕಡೆ ಡೌನ್‌ಹಿಲ್ಲೂ ಇಳಿಯುವವರಿಗೆ 'ಕಂಬೈನ್ಡ್' ಎಂಬ ಬಾಗಿಲು ತೆರೆದಿತ್ತು. ಒಂದು ಡೌನ್‌ಹಿಲ್ಲು, ಒಂದು ಸ್ಲಾಲಮ್, ಎರಡರ ಫಲಿತಾಂಶ ಸೇರಿಸಿ ಬೇರೆ ಅಂಕ ಕೊಡುತ್ತಿದ್ದರು. ಸ್ವಿಟ್ಜರ್ಲೆಂಡಿನ ಪೀಟರ್ ಲ್ಯೂಷರ್ ಎಲ್ಲ ಕಡೆ ಅಷ್ಟಷ್ಟು ಕೂಡಿಸಿ ಒಟ್ಟಾರೆ ಕಪ್ ಎತ್ತಿದರು. ಡೌನ್‌ಹಿಲ್ ಮುಟ್ಟದ ಸ್ಟೆನ್‌ಮಾರ್ಕ್‌ಗೆ ಆ ಎರಡು ಖಾನೆಗಳೂ ಖಾಲಿ. ಹಾಗಾಗಿ ಐದನೇ ಸ್ಥಾನ.

ಈ ನಿಯಮ ಯಾಕೆ ಬಂತು? 1976, 1977, 1978, ಸತತ ಮೂರು ವರ್ಷ ಅವರು ಡೌನ್‌ಹಿಲ್ ಇಲ್ಲದೆಯೇ ಒಟ್ಟಾರೆ ಕಪ್ ಗೆದ್ದಿದ್ದರು. 'ಒಟ್ಟಾರೆ' ಅಂದಮೇಲೆ ಎಲ್ಲ ಬಗೆಯ ಇಳಿಜಾರಿನಲ್ಲೂ ಇಳಿಯುವವನಿಗೆ ಅದು ಸಿಗಬೇಕು ಅನ್ನುವುದು ವಾದ. ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ಇದು ಸ್ಟೆನ್‌ಮಾರ್ಕ್ ವಿರುದ್ಧದ ನಿಯಮ ಅಂತ ಯಾರೂ ಬರೆದಿಟ್ಟಿಲ್ಲ, ಆದರೆ ಅದರ ಬಿಸಿ ಜಾಸ್ತಿ ತಟ್ಟಿದ್ದು ಅವರಿಗೇ. ಹತ್ತಕ್ಕೆ ಹತ್ತು ಗೆದ್ದವನನ್ನು ಐದನೆಯವನನ್ನಾಗಿ ಮಾಡುವ ಲೆಕ್ಕ ನೋಡಿದರೆ ನನಗೆ ಇವತ್ತಿಗೂ ನಗು ಬರುತ್ತದೆ.

1978ರ ಮಾರ್ಚ್‌ನಿಂದ 1980ರ ಜನವರಿವರೆಗೆ ಅವರು ಸತತ 14 ಜೈಂಟ್ ಸ್ಲಾಲಮ್ ಗೆದ್ದರು. 1979ರಲ್ಲಿ ಆಗಿನ ಚೆಕೊಸ್ಲೊವಾಕಿಯಾದ ಯಸ್ನಾದಲ್ಲಿ ಎರಡನೆಯವರಿಗಿಂತ 4.06 ಸೆಕೆಂಡ್ ಮುಂದೆ ಬಂದರು. ನೂರನೇ ಒಂದು ಸೆಕೆಂಡಿಗೆ ಪದಕ ತಪ್ಪುವ ಆಟ ಇದು. ಇಬ್ಬರೂ ಒಟ್ಟಿಗೆ ಹೊರಟರು ಅಂದುಕೊಂಡರೆ, ಇಲ್ಲಿ ನಾಲ್ಕು ಸೆಕೆಂಡ್ ಅಂದರೆ ಗೆದ್ದವನು ನಿಂತು ಬೋರ್ಡು ನೋಡುತ್ತಿರುತ್ತಾನೆ. ಎರಡನೆಯವನು ಇನ್ನೂ ಬರುತ್ತಿರುತ್ತಾನೆ. ಆ ಎರಡನೆಯವರು ಯುಗೊಸ್ಲಾವಿಯಾದ ಬೋಯಾನ್ ಕ್ರಿಝಾಯ್. ಒಂದು ತಮಾಷೆ ಏನೆಂದರೆ, ಸ್ಟೆನ್‌ಮಾರ್ಕ್ ವೃತ್ತಿಯುದ್ದಕ್ಕೂ ಹಾಕಿದ್ದು ಕ್ರಿಝಾಯ್ ಅವರ ಊರ ಕಡೆಯ, ಸ್ಲೊವೇನಿಯಾದ 'ಎಲಾನ್' ಕಂಪನಿಯ ಸ್ಕೀಗಳನ್ನೇ. ಆಲ್ಪ್ಸ್‌ನ ದೊಡ್ಡ ಹೆಸರಿನ ಕಂಪನಿಗಳೆಲ್ಲ ಸುಮ್ನೆ ನೋಡುತ್ತ ನಿಲ್ಲಬೇಕಾಯಿತು.

ಈಗ ನಿಮ್ಮ 'ಬರೀ ಸ್ಲಾಲಮ್' ಅನ್ನುವ ಮಾತಿಗೆ ಬರುತ್ತೇನೆ. ಅಲ್ಲೇ ನನಗೆ ಸ್ವಲ್ಪ ತಕರಾರಿದೆ.

ಡೌನ್‌ಹಿಲ್‌ನಲ್ಲಿ ವೇಗ ಮತ್ತು ಧೈರ್ಯ ಮುಖ್ಯ. ಟಿವಿಯಲ್ಲಿ ನೋಡಿದರೇ ಹೊಟ್ಟೆಯೊಳಗೆ ಚಳಿ ಹುಟ್ಟುತ್ತದೆ. ಸ್ಲಾಲಮ್ ಹಾಗಲ್ಲ. ಗಂಡಸರ ಸ್ಲಾಲಮ್ ಇಳಿಜಾರು ಮೇಲಿಂದ ಕೆಳಕ್ಕೆ ಸುಮಾರು 180ರಿಂದ 220 ಮೀಟರ್ ಇಳಿಯುತ್ತದೆ. ಅದರೊಳಗೆ ಅರವತ್ತು ಚಿಲ್ಲರೆ ಗೇಟುಗಳು, ಅಂದರೆ ಕಂಬ ನೆಟ್ಟು ಗುರುತಿಸಿದ, ದಾಟಲೇಬೇಕಾದ ಜಾಗಗಳು. ಒಂದು ರನ್, ಅಂದರೆ ಮೇಲಿಂದ ಕೆಳಗಿನವರೆಗಿನ ಒಂದು ಇಳಿತ, ಒಂದು ನಿಮಿಷದೊಳಗೆ ಮುಗಿಯುತ್ತದೆ. ಅಂದರೆ ಪ್ರತಿ ಸೆಕೆಂಡಿಗೆ ಒಂದು ತಿರುವು, ಒಮ್ಮೊಮ್ಮೆ ಅದಕ್ಕಿಂತ ಜಾಸ್ತಿ. ಕಾಲ ಕೆಳಗೆ ಮೆತ್ತನೆಯ ಹಿಮ ಇರುವುದಿಲ್ಲ. ದೊಡ್ಡ ರೇಸುಗಳಲ್ಲಿ ಇಳಿಜಾರಿಗೆ ನೀರು ಹೊಡೆದು ಮಂಜುಗಡ್ಡೆ ಮಾಡಿರುತ್ತಾರೆ, ಕೊನೆಯವರು ಬರುವ ಹೊತ್ತಿಗೆ ಅದು ಗುಂಡಿ ಬೀಳಬಾರದು ಅಂತ.

ಪ್ರತಿ ಗೇಟಿನ ಗೆರೆಯನ್ನು ಎರಡೂ ಸ್ಕೀಗಳ ತುದಿ, ಎರಡೂ ಪಾದ ದಾಟಲೇಬೇಕು. ಒಂದು ಸ್ಕೀ ಕಂಬದ ಆಚೆ, ಇನ್ನೊಂದು ಈಚೆ ಹೋಯಿತೋ, ಕತೆ ಮುಗಿಯಿತು. ಗೇಟುಗಳನ್ನು ಒಂದೇ ಲಯದಲ್ಲಿ ನೆಟ್ಟಿರುವುದೂ ಇಲ್ಲ. ಅಡ್ಡಡ್ಡ ತಿರುವುಗಳ ಮಧ್ಯೆ ಒಂದರ ಕೆಳಗೊಂದು ನೇರ ಸಾಲು ಬರುತ್ತದೆ, ಆಮೇಲೆ ದಿಢೀರನೆ ಒಂದು ಉದ್ದ ತಿರುವು. ಲಯ ಹಿಡಿಯಿತು ಅನ್ನುವಷ್ಟರಲ್ಲಿ ಅದನ್ನು ಮುರಿಯುವುದೇ ಗೇಟು ನೆಡುವವರ ಕೆಲಸ.

ಇನ್ನೂ ಒಂದು ಸಂಗತಿ. ಸ್ಪರ್ಧೆಗೆ ಮುಂಚೆ ಯಾರೂ ಆ ಗೇಟುಗಳ ನಡುವೆ ಸ್ಕೀ ಮಾಡಿ ಅಭ್ಯಾಸ ಮಾಡುವಂತಿಲ್ಲ. ಪಕ್ಕದಲ್ಲಿ ಮೆಲ್ಲಗೆ ಜಾರುತ್ತ ನೋಡಬಹುದು, ಅಷ್ಟೇ. ಹಾಗಾಗಿ ಮೇಲೆ ನಿಂತ ಸ್ಪರ್ಧಿಗಳು ಕಣ್ಣು ಮುಚ್ಚಿಕೊಂಡು ಕೈಯನ್ನು ಹಾವಿನಂತೆ ಆಡಿಸುತ್ತಿರುತ್ತಾರೆ. ನೋಡಿದವರಿಗೆ ಜಪ ಮಾಡುತ್ತಿದ್ದಾರೇನೋ ಅನ್ನಿಸುತ್ತದೆ. ಅವರು ಬಾಯಿಪಾಠ ಒಪ್ಪಿಸುತ್ತಿರುತ್ತಾರೆ. ಮೊದಲ ರನ್ ಮುಗಿದ ಮೇಲೆ ಗೇಟುಗಳನ್ನೆಲ್ಲ ಕಿತ್ತು ಬೇರೆ ಕಡೆ ನೆಡುತ್ತಾರೆ. ಮತ್ತೆ ಹೊಸ ಪಾಠ. ಎರಡೂ ರನ್‌ಗಳ ಸಮಯ ಕೂಡಿಸಿ ಫಲಿತಾಂಶ.

ಸ್ಟೆನ್‌ಮಾರ್ಕ್ ಅವರನ್ನು ಸ್ಟೆನ್‌ಮಾರ್ಕ್ ಮಾಡಿದ್ದು ಈ ಎರಡನೇ ರನ್. ಇದನ್ನು ಅಂಕಿಪಟ್ಟಿ ಹೇಳುವುದಿಲ್ಲ. ಆ ಕಾಲದ ರೇಸ್ ನೋಡಿದವರು ಹೇಳುತ್ತಾರೆ: ಮೊದಲ ರನ್‌ನಲ್ಲಿ ಅವರು ಮೂರನೆಯವರೋ ನಾಲ್ಕನೆಯವರೋ ಆಗಿದ್ದರೆ ಮುಂದಿದ್ದವರಿಗೆ ಊಟ ಸೇರುತ್ತಿರಲಿಲ್ಲ.

ಅಮೆರಿಕದಲ್ಲಿ ನಡೆದ 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್ ತೆಗೆದುಕೊಳ್ಳಿ. ಅದಕ್ಕೆ ಐದು ತಿಂಗಳ ಹಿಂದೆ, 1979ರ ಸೆಪ್ಟೆಂಬರ್‌ನಲ್ಲಿ, ಇಟಲಿಯ ವಾಲ್ ಸೆನಾಲೆಸ್ ಹಿಮನದಿಯ ಮೇಲೆ ಅವರು ಡೌನ್‌ಹಿಲ್ ಅಭ್ಯಾಸ ಮಾಡುತ್ತಿದ್ದರು. ಹೌದು, ಡೌನ್‌ಹಿಲ್ಲೇ. ಅಲ್ಲಿ ಭಯಂಕರವಾಗಿ ಬಿದ್ದರು. ತಲೆಗೆ ಬಲವಾದ ಪೆಟ್ಟಾಯಿತು. ಅಲ್ಲಿಂದ ಎದ್ದು ಬಂದು ಲೇಕ್ ಪ್ಲಾಸಿಡ್‌ನಲ್ಲಿ ನಿಂತವರು ಅವರು. ಜೈಂಟ್ ಸ್ಲಾಲಮ್ ಎರಡು ದಿನ ನಡೆಯಿತು. ಮೊದಲ ದಿನದ ಕೊನೆಗೆ ಅವರು ಮೂರನೇ ಸ್ಥಾನದಲ್ಲಿದ್ದರು. ಎರಡನೇ ದಿನ ಎಲ್ಲರನ್ನೂ ಹಿಂದಿಕ್ಕಿ ಲಿಕ್ಟೆನ್‌ಸ್ಟೈನ್‌ನ ಆಂಡ್ರಿಯಾಸ್ ವೆಂಜೆಲ್‌ಗಿಂತ 0.75 ಸೆಕೆಂಡ್ ಮುಂದೆ ಬಂದರು. ಕೆಲವೇ ದಿನಗಳಲ್ಲಿ ಸ್ಲಾಲಮ್. ಮೊದಲ ರನ್ ಆದಾಗ ನಾಲ್ಕನೇ ಸ್ಥಾನ. ಮುಂದಿದ್ದವರು ಅಮೆರಿಕದ ಫಿಲ್ ಮೇರ್. ಹಿಂದಿನ ವರ್ಷ ಇದೇ ಲೇಕ್ ಪ್ಲಾಸಿಡ್‌ನಲ್ಲಿ ಬಿದ್ದು ಪಾದದ ಗಂಟು ಮುರಿದುಕೊಂಡು, ಕಾಲಲ್ಲಿ ಲೋಹದ ಪಟ್ಟಿ ಹಾಕಿಸಿಕೊಂಡು ಬಂದಿದ್ದವರು. ಎರಡು ರನ್ ಕೂಡಿದಾಗ ಸ್ಟೆನ್‌ಮಾರ್ಕ್ 1 ನಿಮಿಷ 44.26 ಸೆಕೆಂಡ್, ಮೇರ್ 1 ನಿಮಿಷ 44.76. ಸರಿಯಾಗಿ ಅರ್ಧ ಸೆಕೆಂಡ್. ಎರಡು ಚಿನ್ನ. ಎರಡೂ ಸಲ ಹಿಂದಿನಿಂದ ಬಂದು.

ಇದನ್ನು ಅದೃಷ್ಟ ಅಂತ ತಳ್ಳಿಹಾಕಲು ಆಗುವುದಿಲ್ಲ. ಈಗಿನ ನಿಯಮದಲ್ಲಿ ಮೊದಲ ರನ್‌ನ 30ನೆಯವನು ಎರಡನೇ ರನ್‌ನಲ್ಲಿ ಮೊದಲು ಇಳಿಯುತ್ತಾನೆ. ಅವನಿಗೆ ಹಿಮ ಹೊಸದಾಗಿ, ನಯವಾಗಿ ಸಿಗುತ್ತದೆ. ಅದರಿಂದ ಅಚ್ಚರಿಗಳು ಆಗುವುದುಂಟು. 2022ರಲ್ಲಿ ವೆಂಗೆನ್‌ನಲ್ಲಿ ಲೂಕಾಸ್ ಬ್ರಾಥೆನ್ 29ನೇ ಸ್ಥಾನದಿಂದ ಗೆದ್ದರು. 2024ರಲ್ಲಿ ಶಮೊನಿಯಲ್ಲಿ ಡೇನಿಯಲ್ ಯೂಲ್ 30ನೇ ಸ್ಥಾನದಿಂದ! ಸ್ಟೆನ್‌ಮಾರ್ಕ್ ಕಾಲದಲ್ಲಿ ಹೀಗೆ ಇಡೀ ಸಾಲನ್ನು ತಿರುಗಿಸುತ್ತಿರಲಿಲ್ಲ. ಅವರ ಎರಡನೇ ರನ್‌ಗಳಿಗೆ ಹಿಮದ ಸಹಾಯಕ್ಕಿಂತ ತಲೆಯ ತಂಪು ಜಾಸ್ತಿ ಕಾರಣ.

ಕಾಲಿನ ಕೆಲಸವನ್ನೂ ಹೇಳಬೇಕು. ಆಗಿನ ಸ್ಕೀಗಳು ಎರಡು ಮೀಟರ್ ಉದ್ದ, ಹೆಚ್ಚುಕಮ್ಮಿ ನೇರ. ಈಗಿನವು ಗಂಡಸರ ಸ್ಲಾಲಮ್‌ಗೆ 165 ಸೆಂಟಿಮೀಟರ್, ನಡು ಸಣ್ಣಗೆ ಕೊರೆದಿರುತ್ತದೆ. ಅಂಚಿನ ಮೇಲೆ ವಾಲಿದರೆ ಸಾಕು, ತಾನೇ ತಿರುಗುತ್ತದೆ. ಆ ನೇರ ಹಲಗೆಯನ್ನು ಅಂಚಿನ ಮೇಲೇ ಓಡಿಸಬೇಕಾದರೆ ಒತ್ತಿ ಒತ್ತಿ ಬಿಲ್ಲಿನಂತೆ ಬಗ್ಗಿಸಬೇಕಿತ್ತು. ಬಹಳ ಜನ ತಿರುವಿನಲ್ಲಿ ಹಿಮ ಕೆರೆದು ಜಾರುತ್ತಿದ್ದರು. ಕೆರೆದಷ್ಟೂ ವೇಗ ಹೋಗುತ್ತದೆ. ಸ್ಟೆನ್‌ಮಾರ್ಕ್ ತಿರುವನ್ನು ಗೇಟಿಗಿಂತ ಮೇಲೆಯೇ ಶುರು ಮಾಡುತ್ತಿದ್ದರು. ಗೇಟಿನ ಹತ್ತಿರ ಬರುವ ಹೊತ್ತಿಗೆ ತಿರುವು ಮುಕ್ಕಾಲು ಮುಗಿದಿರುತ್ತಿತ್ತು. ಅವರ ದಾರಿ ಕಣ್ಣಿಗೆ ಸುತ್ತು ದಾರಿಯಂತೆ ಕಾಣುತ್ತದೆ. ಗಡಿಯಾರ ಬೇರೆಯೇ ಹೇಳುತ್ತಿತ್ತು.

ಇಷ್ಟೆಲ್ಲ ಎಲ್ಲಿ ಕಲಿತರು? ಆಲ್ಪ್ಸ್‌ನಲ್ಲಂತೂ ಅಲ್ಲ. ಅವರು ಹುಟ್ಟಿದ್ದು 1956ರ ಮಾರ್ಚ್ 18ರಂದು, ಸ್ವೀಡನ್ನಿನ ಉತ್ತರದಲ್ಲಿ, ನಾರ್ವೆ ಗಡಿಯ ಹತ್ತಿರದ ಯೋಶೋ ಎಂಬಲ್ಲಿ. ಬೆಳೆದದ್ದು ಟೆರ್ನಬಿ ಎಂಬ ಪುಟ್ಟ ಊರಿನಲ್ಲಿ. ಆ ಊರಿನ ಕತೆಯೇ ವಿಚಿತ್ರ. ಸ್ಟಿಗ್ ಸ್ಟ್ರಾಂಡ್ ಎಂಬ ಇನ್ನೊಬ್ಬ ಸ್ಲಾಲಮ್ ಸ್ಪರ್ಧಿಯೂ ಅಲ್ಲಿಯವರೇ, ಹುಟ್ಟಿದ್ದೂ 1956ರಲ್ಲೇ. 1983ರ ಸ್ಲಾಲಮ್ ಕಪ್‌ನಲ್ಲಿ ಈ ಇಬ್ಬರಿಗೂ ಸಮ ಅಂಕ ಬಂತು. ಗೆಲುವುಗಳ ಸಂಖ್ಯೆ ನೋಡಿ ಕಪ್ಪನ್ನು ಸ್ಟೆನ್‌ಮಾರ್ಕ್‌ಗೆ ಕೊಟ್ಟರು. ಪಾಪ ಸ್ಟ್ರಾಂಡ್! ಬೇರೆ ಯಾವ ಊರಲ್ಲಿ ಹುಟ್ಟಿದ್ದರೂ ಅಲ್ಲಿನ ಹೀರೋ ಆಗಿರುತ್ತಿದ್ದರು. ಮುಂದೆ 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಸ್ಲಾಲಮ್ ಚಿನ್ನ ಗೆದ್ದ ಆನ್ಯಾ ಪೆರ್ಸನ್ ಕೂಡ ಅದೇ ಟೆರ್ನಬಿಯವರು.

ವಿಶ್ವಕಪ್‌ಗೆ ಸ್ಟೆನ್‌ಮಾರ್ಕ್ ಬಂದದ್ದು 1973ರ ಡಿಸೆಂಬರ್‌ನಲ್ಲಿ, 17ನೇ ವಯಸ್ಸಿಗೆ. ಸುಮಾರು ಒಂದು ವರ್ಷಕ್ಕೆ, 1974ರ ಡಿಸೆಂಬರ್ 17ರಂದು, ಇಟಲಿಯ ಮಡೋನಾ ಡಿ ಕಾಂಪಿಲಿಯೊದಲ್ಲಿ ಮೊದಲ ಗೆಲುವು. ಅದೇ ಋತುವಿನ ಕೊನೆಯಲ್ಲಿ ಒಟ್ಟಾರೆ ಕಪ್ಪೂ ಕೈಗೆ ಬರುವುದರಲ್ಲಿತ್ತು. ಕೊನೆಯ ಸ್ಪರ್ಧೆಗೆ ಮುಂಚೆ ಮೂವರಿಗೆ ಸಮ ಅಂಕ: ಇಟಲಿಯ ಗುಸ್ತಾವ್ ಥೋನಿ, ಆಸ್ಟ್ರಿಯಾದ ಡೌನ್‌ಹಿಲ್ ರಾಜ ಫ್ರಾಂಜ್ ಕ್ಲಾಮರ್, ಮತ್ತು ಈ 19ರ ಹುಡುಗ. ವಾಲ್ ಗಾರ್ಡೇನಾದಲ್ಲಿ ಇಬ್ಬಿಬ್ಬರು ಪಕ್ಕಪಕ್ಕದಲ್ಲಿ ಇಳಿಯುವ ಪ್ಯಾರಲಲ್ ಸ್ಲಾಲಮ್. ಕ್ಲಾಮರ್ ಬೇಗ ಹೊರಬಿದ್ದರು. ಫೈನಲ್‌ನಲ್ಲಿ ತವರಿನ ಜನರ ಮುಂದೆ ಥೋನಿ ಗೆದ್ದರು. ಅಲ್ಲಿಂದ ಮೂರು ವರ್ಷ ಒಟ್ಟಾರೆ ಕಪ್ ಸ್ಟೆನ್‌ಮಾರ್ಕ್ ಅವರದ್ದೇ. ಆಮೇಲೆ ಲೆಕ್ಕದ ನಿಯಮ ಬಂತು, ಅದನ್ನು ಆಗಲೇ ಹೇಳಿದೆ.

ಹಾಗಾದರೆ ಅವರು ಡೌನ್‌ಹಿಲ್ ಯಾಕೆ ಇಳಿಯಲಿಲ್ಲ, ಹೆದರಿಕೆಯಾ? ಒಂದು ಸಲ ಇಳಿದಿದ್ದಾರೆ. 1981ರ ಜನವರಿಯಲ್ಲಿ, ಅದೂ ಕಿಟ್ಸ್‌ಬ್ಯೂಹೆಲ್‌ನಲ್ಲಿ. ಡೌನ್‌ಹಿಲ್‌ಗಳಲ್ಲೇ ಅತಿ ಭಯಂಕರ ಎನಿಸಿಕೊಂಡ ಇಳಿಜಾರು ಅದು. ಕಂಬೈನ್ಡ್ ಅಂಕಕ್ಕಾಗಿ ಇಳಿದರು, 34ನೆಯವರಾಗಿ ಕೆಳಗೆ ಬಂದರು. ನಗಬೇಡಿ. ವಾಲ್ ಸೆನಾಲೆಸ್‌ನಲ್ಲಿ ಬಿದ್ದು ಒಂದೂವರೆ ವರ್ಷವೂ ಆಗಿರಲಿಲ್ಲ. ಆ ಋತುವಿನ ಒಟ್ಟಾರೆ ಕಪ್ ಅವರಿಗೆ ಕೇವಲ 6 ಅಂಕಗಳಿಂದ ತಪ್ಪಿತು. ಗೆದ್ದವರು ಅದೇ ಫಿಲ್ ಮೇರ್. ಮುಂದಿನ ಎರಡು ವರ್ಷವೂ ಮೇರ್ ಅವರೇ ಗೆದ್ದರು.

ಅವರಿಗೆ ಬಿದ್ದ ಇನ್ನೊಂದು ಪೆಟ್ಟು ಹಿಮದ ಮೇಲಿನದ್ದಲ್ಲ, ಕಾಗದದ ಮೇಲಿನದ್ದು. ಆಗ ಒಲಿಂಪಿಕ್ಸ್ ಹೆಸರಿಗೆ ಹವ್ಯಾಸಿಗಳ ಕೂಟ. ಕಂಪನಿಗಳ ದುಡ್ಡು ದೇಶದ ಸ್ಕೀ ಸಂಸ್ಥೆಯ ಮೂಲಕ ಬಂದರೆ ಸರಿ, ಸ್ಪರ್ಧಿಗೆ ನೇರವಾಗಿ ಬಂದರೆ ತಪ್ಪು. ಸ್ಟೆನ್‌ಮಾರ್ಕ್ ನೇರವಾಗಿ ತೆಗೆದುಕೊಳ್ಳುವ 'ಬಿ ಲೈಸೆನ್ಸ್' ಪಡೆದಿದ್ದರು. ವಿಶ್ವಕಪ್‌ಗೆ ಅದು ನಡೆಯುತ್ತಿತ್ತು, ಒಲಿಂಪಿಕ್ಸ್‌ಗೆ ನಡೆಯುತ್ತಿರಲಿಲ್ಲ. ಹಾಗಾಗಿ 1984ರ ಸರಾಯೆವೊ ಒಲಿಂಪಿಕ್ಸ್‌ಗೆ ಅವರನ್ನು ಬಿಡಲಿಲ್ಲ. ಲೇಕ್ ಪ್ಲಾಸಿಡ್‌ನಲ್ಲಿ ಅವರಂತೆಯೇ ಎರಡು ಚಿನ್ನ ಗೆದ್ದಿದ್ದ ಲಿಕ್ಟೆನ್‌ಸ್ಟೈನ್‌ನ ಮಹಿಳಾ ಸ್ಪರ್ಧಿ ಹಾನಿ ವೆಂಜೆಲ್ ಅವರಿಗೂ ಅದೇ ಗತಿ. ಆ ವರ್ಷ ಜೈಂಟ್ ಸ್ಲಾಲಮ್‌ನ ವಿಶ್ವಕಪ್ ಗೆದ್ದದ್ದು ಸ್ಟೆನ್‌ಮಾರ್ಕೇ! ಸರಾಯೆವೊದ ಸ್ಲಾಲಮ್‌ನಲ್ಲಿ ಚಿನ್ನ ಫಿಲ್ ಮೇರ್‌ಗೆ, ಬೆಳ್ಳಿ ಅವರ ಅವಳಿ ಸೋದರ ಸ್ಟೀವ್‌ಗೆ. ಅವರ ಗೆಲುವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಆ ಸ್ಪರ್ಧಿಗಳ ಪಟ್ಟಿಯಲ್ಲಿ ಒಂದು ಹೆಸರಿನ ಜಾಗ ಖಾಲಿ ಇತ್ತು.

ಅಷ್ಟರಲ್ಲಿ ಆಟವೇ ಬದಲಾಗುತ್ತಿತ್ತು. ಬುಡದಲ್ಲಿ ಸ್ಪ್ರಿಂಗ್ ಇರುವ, ಹೊಡೆದರೆ ಬಾಗಿ ಮತ್ತೆ ಏಳುವ ಕಂಬಗಳು 1980ರ ದಶಕದ ಮೊದಲಲ್ಲಿ ಬಂದವು. ಅದಕ್ಕೆ ಮುಂಚೆ ಕಂಬ ಗಟ್ಟಿ. ಬಳಸಿಕೊಂಡು ಹೋಗಲೇಬೇಕಿತ್ತು, ಭುಜ ತಾಗಿದರೂ ನೋವು. ಈಗ ಕಾಲುಗಳು ಮಾತ್ರ ಕಂಬದ ಸರಿಯಾದ ಬದಿಯಲ್ಲಿದ್ದರೆ ಸಾಕು. ಮೈ ನೇರವಾಗಿ ಕಂಬದ ಮೇಲೇ ಹೋಗಬಹುದು, ಕೈಯಿಂದ ಹೊಡೆದು ಬೀಳಿಸಬಹುದು. ಈಗಿನ ಸ್ಪರ್ಧಿಗಳು ಮೊಣಕಾಲ ಕೆಳಗೆ ಕವಚ, ಮುಖಕ್ಕೆ ಕಂಬಿ, ಮುಷ್ಟಿಗೆ ಗುರಾಣಿ ಕಟ್ಟಿಕೊಂಡು ಇಳಿಯುವುದು ಅದಕ್ಕೇ. ಸುತ್ತು ದಾರಿಯ ಕಲಾಕಾರನಿಗೆ ಇದು ಲಾಭದ ಬದಲಾವಣೆ ಅಲ್ಲವೇ ಅಲ್ಲ. ಸ್ಟೆನ್‌ಮಾರ್ಕ್ ಗೆಲುವುಗಳು ಆಮೇಲೆ ಅಪರೂಪವಾದವು. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ಗೆ ಮತ್ತೆ ಬಿಟ್ಟರು, ಸ್ಲಾಲಮ್‌ನಲ್ಲಿ ಐದನೆಯವರಾದರು. ಅಲ್ಲಿ ಎರಡೂ ಚಿನ್ನ ಇಟಲಿಯ ಆಲ್ಬರ್ಟೊ ಟೊಂಬಾ ಎಂಬ ಗಲಾಟೆಯ ಹುಡುಗನಿಗೆ. ಕೊನೆಯ ಗೆಲುವು 1989ರ ಫೆಬ್ರವರಿಯಲ್ಲಿ, ಅಮೆರಿಕದ ಆಸ್ಪೆನ್‌ನಲ್ಲಿ, ಜೈಂಟ್ ಸ್ಲಾಲಮ್. 33 ತುಂಬಲು ಒಂದು ತಿಂಗಳಿತ್ತು. ಆ ಋತು ಮುಗಿಸಿ ನಿಲ್ಲಿಸಿದರು. 40 ಸ್ಲಾಲಮ್, 46 ಜೈಂಟ್ ಸ್ಲಾಲಮ್, ಒಟ್ಟು 86. ಎರಡೂ ವಿಭಾಗದ ಕಪ್‌ಗಳು ಎಂಟೆಂಟು ಸಲ.

ಮಾತಿನಲ್ಲಿ ಅವರು ಭಾರಿ ಜಿಪುಣರು. ಹೇಗೆ ಗೆಲ್ಲುತ್ತೀರಿ ಅಂತ ಕೇಳಿದವರಿಗೆ ತಮ್ಮ ಊರ ನುಡಿಯಲ್ಲಿ ಕೊಡುತ್ತಿದ್ದ ಉತ್ತರ ಸ್ವೀಡನ್ನಿನಲ್ಲಿ ಗಾದೆಯೇ ಆಗಿದೆ: 'ಇಳಿದರೆ ಆಯ್ತು.' ಇಂಥವರು 2015ರಲ್ಲಿ ಸ್ವೀಡಿಷ್ ಟಿವಿಯ ನೃತ್ಯ ಸ್ಪರ್ಧೆಗೆ ಹೋಗಿ ಅದನ್ನೂ ಗೆದ್ದು ಬಂದರು!

ಇನ್ನು ಶಿಫ್ರಿನ್. 2023ರ ಮಾರ್ಚ್ 10ರಂದು ಅವರು 86ನೇ ಗೆಲುವು ಪಡೆದರು, ಮರುದಿನವೇ 87ನೆಯದು. ಎರಡೂ ಸ್ವೀಡನ್ನಿನ ಓರೆ ಎಂಬ ಊರಿನಲ್ಲಿ. 87ನೆಯದು ಸ್ಲಾಲಮ್. 2025ರ ಫೆಬ್ರವರಿ 23ರಂದು ಸೆಸ್ಟ್ರಿಯೆರ್‌ನಲ್ಲಿ 100ನೇ ಗೆಲುವು, ಅದೂ ಸ್ಲಾಲಮ್. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಕಿಲ್ಲಿಂಗ್ಟನ್‌ನಲ್ಲಿ 100ನೆಯದರ ಹತ್ತಿರ ಬಂದು ಬಿದ್ದು, ಹೊಟ್ಟೆಗೆ ಗಾಯ ಮಾಡಿಕೊಂಡಿದ್ದರು. ಅವರು ಡೌನ್‌ಹಿಲ್ಲನ್ನೂ ಗೆದ್ದಿದ್ದಾರೆ, ಡೌನ್‌ಹಿಲ್‌ಗೂ ಜೈಂಟ್ ಸ್ಲಾಲಮ್‌ಗೂ ನಡುವಿನದಾದ ಸೂಪರ್-ಜಿಯನ್ನೂ ಗೆದ್ದಿದ್ದಾರೆ. 'ಅತಿ ದೊಡ್ಡ ಸ್ಕೀಯರ್ ಯಾರು' ಅಂದರೆ ನಾನು ಹಿಂದೆಮುಂದೆ ನೋಡದೆ ಶಿಫ್ರಿನ್ ಅನ್ನುತ್ತೇನೆ. 'ತಿರುವು ಹಾಕುವುದರಲ್ಲಿ ಯಾರು' ಅಂದರೆ ನನ್ನ ಉತ್ತರ ಬೇರೆ. ಎರಡು ಮೀಟರ್‌ನ ನೇರ ಹಲಗೆ ಕಟ್ಟಿಕೊಂಡು, ಗಟ್ಟಿ ಕಂಬಗಳ ನಡುವೆ, ಹತ್ತಕ್ಕೆ ಹತ್ತು ಗೆದ್ದವರ ಹೆಸರನ್ನೇ ಹೇಳುತ್ತೇನೆ.

ನಂಬಿಕೆ ಬರದಿದ್ದರೆ ಲೇಕ್ ಪ್ಲಾಸಿಡ್ ಸ್ಲಾಲಮ್‌ನ ಎರಡನೇ ರನ್ ಹುಡುಕಿ ನೋಡಿ. ಕಂಬಗಳನ್ನು ನೋಡಬೇಡಿ, ಮೊಣಕಾಲುಗಳನ್ನು ನೋಡಿ. ಆಮೇಲೆ ಫಿಲ್ ಮೇರ್ ಇಳಿದದ್ದನ್ನು ನೋಡಿ. ಸ್ಕೀಯ ಹಿಂದೆ ಹಾರುವ ಹಿಮದ ಪುಡಿ ಯಾರದ್ದು ಜಾಸ್ತಿ ಅಂತ ಗಮನಿಸಿ.